ಹೊಸನಗರ ಕಡೆಯ ಪೇಟೆ ಊರಿನ ಜನಸಂಖ್ಯೆ: ಯಾವ ಲೆಕ್ಕ ಸರಿ?

ಪ್ರಶ್ನೆ (ಹಂಚಿನಮನೆ): ಊರಿನ ಪರಿಚಯ ಬರೆಯಬೇಕು. 2011ರ ಜನಗಣತಿಯ ಅಂಕಿ ಪಂಚಾಯ್ತಿಯವರು ಹೇಳುವುದಕ್ಕಿಂತ ತುಂಬಾ ಕಮ್ಮಿ ಇದೆ. ಯಾವುದು ಹಾಕಲಿ?

ಕಾನುಬದಿ: ಎರಡೂ ಸರಿ ಇರಬಹುದು. ಜನಗಣತಿ ಎಣಿಸುವುದು ಕಂದಾಯ ಗ್ರಾಮವನ್ನು (ಕಂದಾಯ ದಾಖಲೆಯಲ್ಲಿ ತನ್ನದೇ ಗಡಿ ಇರುವ ಗ್ರಾಮ), ಪಂಚಾಯ್ತಿಯಲ್ಲಿ ಅಂಥ ನಾಲ್ಕೈದು ಗ್ರಾಮ ಸೇರಿರುತ್ತವೆ. ಬಸ್‌ಸ್ಟ್ಯಾಂಡಿನ ಬೋರ್ಡಿನ ಹೆಸರು ನಂಬಬೇಡಿ. ಪೇಟೆಯ ಒಂದು ಬದಿಯ ಅಂಗಡಿಸಾಲು ಪಕ್ಕದ ಗ್ರಾಮದ ಸರ್ವೆ ನಂಬರಿನಲ್ಲಿರುವುದು ಮಲೆನಾಡಲ್ಲಿ ಮಾಮೂಲು. ಪಹಣಿ ತೆಗೆದು ಗ್ರಾಮದ ಹೆಸರು ನೋಡಿ, ಆಮೇಲೆ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಅದೇ ಹೆಸರು ಹುಡುಕಿ. ಒಂದೇ ಹೆಸರಿನ ಎರಡು ಊರಿದ್ದರೆ ಹೋಬಳಿ, ಗ್ರಾಮದ ಕೋಡ್ ತಾಳೆ ನೋಡಿ.

ಅಡಿಕೆಸಿಪ್ಪೆ: ಜನಸಾಂದ್ರತೆ ಬರೆಯುವಾಗ ಹುಷಾರು! ಕೈಪಿಡಿಯಲ್ಲಿ ವಿಸ್ತೀರ್ಣ ಹೆಕ್ಟೇರಿನಲ್ಲಿದೆ, 100 ಹೆಕ್ಟೇರಿಗೆ 1 ಚದರ ಕಿ.ಮೀ. ಉದಾಹರಣೆಗೆ 1,500 ಹೆಕ್ಟೇರಿನಲ್ಲಿ 1,200 ಜನ ಅಂದರೆ ಚದರ ಕಿ.ಮೀ.ಗೆ 80. ಗುಡ್ಡ, ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಎಲ್ಲ ವಿಸ್ತೀರ್ಣದೊಳಗೇ ಬರುವುದರಿಂದ ಸಾಂದ್ರತೆ ಇಷ್ಟು ಕಮ್ಮಿ. ಮನೆಗಳೂ ಒತ್ತಾಗಿಲ್ಲ, ತೋಟಕ್ಕೊಂದು ಮನೆ.

ಹಂಚಿನಮನೆ: ಹಾಗಾದರೆ 'ಪಟ್ಟಣ' ಅನ್ನಬಹುದಾ?

ಕಾನುಬದಿ: ಪಟ್ಟಣ ಪಂಚಾಯ್ತಿ, ಪುರಸಭೆ ಇಲ್ಲದ ಊರು 2011ರ ಗಣತಿಯಲ್ಲಿ ಪಟ್ಟಣ ಅನ್ನಿಸಿಕೊಳ್ಳಲು ಕನಿಷ್ಠ 5,000 ಜನ, ಚದರ ಕಿ.ಮೀ.ಗೆ 400ರ ಸಾಂದ್ರತೆ, ಮುಖ್ಯ ದುಡಿಮೆಯ (ವರ್ಷಕ್ಕೆ ಆರು ತಿಂಗಳಾದರೂ ದುಡಿಯುವ) ಗಂಡಸರಲ್ಲಿ ನೂರಕ್ಕೆ 75 ಜನ ಕೃಷಿಯೇತರ ಕೆಲಸದಲ್ಲಿ, ಮೂರೂ ಬೇಕು. ನಮ್ಮ ಕಡೆಯ ಇಂಥ ಊರುಗಳು ಸಾಂದ್ರತೆಯಲ್ಲೇ ಮುಗ್ಗರಿಸುತ್ತವೆ. 'ಪೇಟೆ ಇರುವ ಗ್ರಾಮ' ಅಂತ ಬರೆಯಿರಿ. ಇನ್ನೊಂದು, ಪಟ್ಟಿಯಲ್ಲಿ ಜನಸಂಖ್ಯೆ ಸೊನ್ನೆ ಇದ್ದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಅದು ಬೇಚರಾಕ್ ಗ್ರಾಮ, ಅಂದರೆ ದಾಖಲೆಯಲ್ಲಿದ್ದರೂ ಜನವಸತಿ ಇಲ್ಲದ ಗ್ರಾಮ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಕಡೆ ನೋಡಿದರೆ ಕಾರಣ ಗೊತ್ತಾಗುತ್ತದೆ: ಊರು ಮುಳುಗಿ ಜನ ಎದ್ದುಹೋಗಿದ್ದಾರೆ.