ಆಟೋ ಶೇಪ್ ಕೇಕ್ ಕೊಯ್ಯೋವಾಗ ಪುಡಿಪುಡಿ ಆಗ್ತಿದೆ, ಯಾವ ರೆಸಿಪಿ ತಡ್ಕೊಳತ್ತೆ?

ಓಟಿಜಿ ಹೊಸಬಳು
ಎಲ್ರಿಗೂ ನಮಸ್ಕಾರ. ನಮ್ ಬೀದಿ ಆಟೋ ಅಣ್ಣನ ಮಗಳಿಗೆ ಬರೋ ಭಾನುವಾರ ಐದು ತುಂಬತ್ತೆ, ಅಪ್ಪನ ಆಟೋ ಥರಾನೇ ಕೇಕ್ ಬೇಕಂತೆ, ನಾನೂ ಜಂಬದಲ್ಲಿ ಒಪ್ಕೊಂಡ್ಬಿಟ್ಟೆ. ನಿನ್ನೆ ಟ್ರಯಲ್ ನೋಡೋಣ ಅಂತ ಮುಂದಿನ ಗ್ಲಾಸ್ ಹತ್ರ ಇಳಿಜಾರು ಕೊಯ್ಯೋಕೆ ಚಾಕು ಇಟ್ಟಿದ್ದೇ ತಡ, ಮೂಲೆ ಪೂರ್ತಿ ಉದುರಿ ಉಪ್ಪಿಟ್ಟು ಆಯ್ತು. ವೆನಿಲಾ ಪ್ರೀಮಿಕ್ಸು, ಎಣ್ಣೆ ನೀರು ಹಾಕಿ ಬೀಟ್ ಮಾಡೋದು, ಮಧ್ಯೆ ಶುಗರ್ ಸಿರಪ್, ವಿಪ್ಪಿಂಗ್ ಕ್ರೀಮ್. ಮೇಲೆ ಫಾಂಡೆಂಟ್ (ಲಟ್ಟಿಸಿ ಹೊದಿಸೋ ಸಕ್ಕರೆ ಹಿಟ್ಟು) ಹಾಕೋ ಪ್ಲಾನು. ಸ್ವಲ್ಪ ಮೈದಾ ಸೇರಿಸಿದ್ರೆ ಗಟ್ಟಿ ಆಗತ್ತಾ?

ಕ್ರೀಮ್ ಬನ್ನು
ಆಟೋ ಫೋಟೋ ಪ್ರಿಂಟ್ ಹಾಕ್ಸಿ ಮೇಲೆ ಅಂಟಿಸ್ಬಿಡಿ ಸಿಸ್, ಕೆಲ್ಸ ಮುಗೀತು 😄

ಬೆಣ್ಣೆಕೈ
ಓವನ್ನಿಂದ ತೆಗೆದು ಎಷ್ಟು ಹೊತ್ತಿಗೆ ಕೊಯ್ದ್ರಿ? ಫ್ರಿಜ್ಜಲ್ಲಿ ಇಟ್ಟಿದ್ರಾ?

ಓಟಿಜಿ ಹೊಸಬಳು
ಎರಡು ಗಂಟೆ ಆಗಿತ್ತು ಅಕ್ಕ. ಮುಟ್ಟಿದ್ರೆ ಬಿಸಿ ಇರ್ಲಿಲ್ಲ, ಅದಕ್ಕೇ ಫ್ರಿಜ್ಜಿಗೆ ಇಡ್ಲಿಲ್ಲ.

ಬೆಣ್ಣೆಕೈ
ಹಂಗಾದ್ರೆ ಎರಡು ತಪ್ಪು ಆಗಿದೆ. ಪ್ರೀಮಿಕ್ಸ್ ಸ್ಪಂಜ್ ಅಂದ್ರೆ ಬರೀ ಗಾಳಿ, ಕ್ರೀಮ್ ಕೇಕಿಗೆ ಸರಿ, ಕೊಯ್ಯೋಕಲ್ಲ, ಅದಕ್ಕೆ ಮೈದಾ ಸುರಿದ್ರೆ ರಬ್ಬರ್ ಆಗತ್ತೆ ಅಷ್ಟೇ. ಇನ್ನೊಂದು, ಎಣ್ಣೆ ಕೇಕನ್ನ ಫ್ರಿಜ್ಜಲ್ಲಿ ಎಷ್ಟೇ ಇಟ್ರೂ ಮೆತ್ತಗೇ ಇರತ್ತೆ ಯಾಕಂದ್ರೆ ಎಣ್ಣೆ ಅಲ್ಲಿ ಗಟ್ಟಿ ಆಗಲ್ಲ, ಬೆಣ್ಣೆ ಆಗತ್ತೆ. ಶೇಪ್ ಕೇಕಿನ ಗುಟ್ಟೇ ಅದು, ಬೆಣ್ಣೆ ಕೇಕು ಮಾಡಿ ತಣ್ಣಗೆ ಮಾಡಿ ಕೊಯ್ಯಿ.

ನಾನು ಪೌಂಡ್ ಕೇಕ್ ಥರಾನೇ ಮಾಡೋದು. 8 ಇಂಚಿನ ಚೌಕ ಟಿನ್ನಿಗೆ ಬೆಣ್ಣೆ 300 ಗ್ರಾಂ, ಸಕ್ಕರೆ ಪುಡಿ 300, ಮೊಟ್ಟೆ 6, ಮೈದಾ 350, ಬೇಕಿಂಗ್ ಪೌಡರ್ ಒಂದೂವರೆ ಟೀ ಸ್ಪೂನು, ಹಾಲು ಮೂರ್ನಾಲ್ಕು ಚಮಚ. ಉಪ್ಪಿಲ್ದಿರೋ ಬೆಣ್ಣೆ ತಗೊಳ್ಳಿ. 160 ಡಿಗ್ರೀಲಿ ಒಂದು ಗಂಟೆ ಮೇಲೇ ಹಿಡಿಯತ್ತೆ, ಮಧ್ಯೆ ಕಡ್ಡಿ ಚುಚ್ಚಿ ನೋಡಿ. ಇಂಥದ್ದು ಎರಡು ಬೇಕು. ಒಂದೊಂದನ್ನೂ ಅರ್ಧ ಮಾಡಿದ್ರೆ 4 ಇಂಚು ಅಗಲ 8 ಇಂಚು ಉದ್ದದ ನಾಕು ತುಂಡು, ಮೂರು ಪೇರಿಸಿ, ನಾಕನೇದು ತಪ್ಪಾದ್ರೆ ಇರ್ಲಿ (ತಪ್ಪಾಗ್ದಿದ್ರೆ ಟೀ ಜೊತೆ).

ಶುಕ್ರವಾರ ಬೇಕ್ ಮಾಡಿ, ಪೂರ್ತಿ ಆರಿದ್ಮೇಲೆ ಕ್ಲಿಂಗ್ ಫಿಲ್ಮ್ ಸುತ್ತಿ ರಾತ್ರಿಯೆಲ್ಲಾ ಫ್ರಿಜ್. ಶನಿವಾರ ಬೆಳಗ್ಗೆ ಗನಾಶ್ (ಬಿಸಿ ಕ್ರೀಮಲ್ಲಿ ಕರಗಿಸಿದ ಚಾಕ್ಲೇಟು) ಮಧ್ಯೆ ತೆಳ್ಳಗೆ ಸವರಿ ಪೇರಿಸಿ ಒಂದು ಗಂಟೆ ಫ್ರೀಜರ್. ಅಷ್ಟರಲ್ಲಿ ಪೇಪರಲ್ಲಿ ಆಟೋ ಸೈಡ್ ಆಕಾರ ಕತ್ತರಿಸಿ ಎರಡೂ ಕಡೆ ಟೂತ್‌ಪಿಕ್ಕಿಂದ ಚುಚ್ಕೊಳ್ಳಿ. ಹಲ್ಲಿರೋ ಬ್ರೆಡ್ ಚಾಕೂಲಿ ಗರಗಸದ ಹಾಗೆ ಮೆಲ್ಲಗೆ, ಸೌತೆಕಾಯಿ ಸಿಪ್ಪೆ ಹೆರೆದಷ್ಟೇ ತೆಗೀಬೇಕು. ಒಂದೇ ಏಟಿಗೆ ಇಳಿಜಾರು ತೆಗಿಯೋಕೆ ಹೋಗ್ಬೇಡಿ. ಉದುರಿದ ಪುಡಿ ಬಿಸಾಕ್ಬೇಡಿ, ಗನಾಶ್ ಹಾಕಿ ಕಲಸಿದ್ರೆ ಅದೇ ಸಿಮೆಂಟು, ಮುಂದಿನ ಮಡ್‌ಗಾರ್ಡ್ ಅದರಲ್ಲೇ ಮೆತ್ತಬಹುದು.

ಕೇಕಿನ ಅಡಿಗೆ ಅದಕ್ಕಿಂತ ಚಿಕ್ಕ ದಪ್ಪ ಬೋರ್ಡ್ ಇಟ್ರೆ ಗಾಡಿ ನೆಲದಿಂದ ಮೇಲೆದ್ದ ಹಾಗೆ ಕಾಣತ್ತೆ, ಚಕ್ರ ಬರೀ ಅಲಂಕಾರ, ಭಾರ ಹೊರೋದು ಬೋರ್ಡು. ಚಕ್ರ ಫಾಂಡೆಂಟಿಗೆ ಚೂರು ಟೈಲೋಸ್ ಪೌಡರ್ (ಫಾಂಡೆಂಟ್ ಗಟ್ಟಿಯಾಗಿ ಒಣಗೋಕೆ ಹಾಕೋ ಪುಡಿ) ಸೇರಿಸಿ ಇವತ್ತೇ ಮಾಡಿ ಒಣಗಿಸಿ. ವಿಪ್ಪಿಂಗ್ ಕ್ರೀಮ್ ಮರೆತ್ಬಿಡಿ, ಅದರ ತೇವಕ್ಕೆ ಫಾಂಡೆಂಟ್ ಕರಗಿ ಜಾರತ್ತೆ. ಹೊರಗಡೆಗೂ ಗನಾಶೇ, ಡಾರ್ಕ್ ಚಾಕ್ಲೇಟ್ ಎರಡು ಪಾಲಿಗೆ ಕ್ರೀಮ್ ಒಂದು ಪಾಲು, ವೈಟ್ ಆದ್ರೆ ಮೂರಕ್ಕೆ ಒಂದು.

ತುಳಸಿಕಟ್ಟೆ
ಪೌಂಡ್ ಕೇಕ್ ಗಂಟಲಿಗೆ ಸಿಕ್ಕಾಕೊಳತ್ತೆ ಅಂತಾರೆ ನಮ್ಮನೇಲಿ 🙏 ಮಡ್ ಕೇಕ್ ಒಳ್ಳೇದಲ್ವಾ? ಮತ್ತೆ ಎಗ್‌ಲೆಸ್ ಬೇಕು ಅಂದ್ರೆ?

ಬೆಣ್ಣೆಕೈ
ಮಡ್ ಕೇಕ್ ಭೇಷಾಗಿ ನಿಲ್ಲತ್ತೆ ಮೇಡಂ, ಅದರಲ್ಲಿ ಬೆಣ್ಣೆ ಜೊತೆ ಚಾಕ್ಲೇಟೂ ಗಟ್ಟಿ ಆಗತ್ತಲ್ಲ, ಖರ್ಚು ಜಾಸ್ತಿ ಅಷ್ಟೇ. ಪೌಂಡ್ ಕೇಕ್ ಒಣ ಅನ್ಸೋಕೆ ಅರ್ಧ ಕಾರಣ ತಣ್ಣಗೇ ತಿನ್ನೋದು. ಮೂರು ಗಂಟೆ ಮುಂಚೆ ಫ್ರಿಜ್ಜಿಂದ ಆಚೆ ಇಟ್ಟು ತಿಂದು ನೋಡ್ಲಿ. ಸಿರಪ್ ಹಾಕ್ಲೇಬೇಕು ಅಂದ್ರೆ ಕೊಯ್ದಾದ್ಮೇಲೆ ಬ್ರಷ್ಷಲ್ಲಿ ತೆಳ್ಳಗೆ. ಎಗ್‌ಲೆಸ್ಸಿಗೆ ಒಂದು ಡಬ್ಬ ಮಿಲ್ಕ್‌ಮೇಡ್ ಹಾಕಿ ಮಾಡೋ ಮಾಮೂಲಿ ಕೇಕಲ್ಲಿ ಸೋಡಾ ಅರ್ಧಕ್ಕೆ ಇಳಿಸಿ, ಮೈದಾ 200ರ ಜಾಗದಲ್ಲಿ 250. ಆದ್ರೂ ಮೊಟ್ಟೆ ಕೇಕಿನಷ್ಟು ಕೊಯ್ತ ತಡ್ಕೊಳಲ್ಲ, ಬಸ್ಸು ಮನೆ ಥರದ್ದು ಒಪ್ಕೊಳ್ಳಿ, ಆನೆ ಗೀನೆ ಬೇಡ.

ಓಟಿಜಿ ಹೊಸಬಳು (ಭಾನುವಾರ ರಾತ್ರಿ)
ಅಕ್ಕಾ ನಿಂತ್ಕೊಳ್ತು!! ಫ್ರೀಜರಿಂದ ತೆಗೆದು ಕೊಯ್ದಾಗ ಸೋಪ್ ಹೆರೆದ ಹಾಗೆ ಬಂತು, ಗ್ಲಾಸ್ ಮೂಲೆ ಒಂಚೂರೂ ಉದುರ್ಲಿಲ್ಲ. ಹಸಿರು ಬಾಡಿ, ಹಳದಿ ಟಾಪು, ಹಿಂದೆ ಅವಳ ಹೆಸರಿನ ನಂಬರ್ ಪ್ಲೇಟು. ಒಂದೇ ಯಡವಟ್ಟು, ಫ್ರಿಜ್ಜಿಂದ ತೆಗೆದಾಗ ಫಾಂಡೆಂಟ್ ಬೆವರಿ ಅಂಟಂಟು ಆಯ್ತು, ನಾನು ಬಟ್ಟೇಲಿ ಒರೆಸೋಕೆ ಹೋಗಿ ಎಡಗಡೆ ಹಸಿರೆಲ್ಲಾ ಹಳದಿಗೆ ಹತ್ತಿಸ್ಬಿಟ್ಟೆ.

ಬೆಣ್ಣೆಕೈ
ಒರೆಸ್ಬಾರ್ದಿತ್ತು, ಮುಟ್ದೇ ಫ್ಯಾನ್ ಹಾಕಿ ಬಿಟ್ಟಿದ್ರೆ ತಾನೇ ಆರ್ತಿತ್ತು. ಆಟೋ ಅಣ್ಣ ಏನಂದ್ರು?

ಓಟಿಜಿ ಹೊಸಬಳು
ಎಡಗಡೆ ನೋಡಿ "ನಮ್ ಗಾಡೀಲೂ ಅಲ್ಲೇ ಪೇಂಟ್ ಹೋಗಿರೋದು, ಹೆಂಗ್ ಗೊತ್ತಾಯ್ತು ಮೇಡಂ" ಅಂದ್ರು 😂