ಸಾಂಕ್ರಾಮಿಕದ ಹೊತ್ತಿನ ಚೀನೀ ಗಾದೆಗಳು, ಗೊತ್ತಿರೋರು ಹೇಳಿ

ಮಾಲೂರಿನ ಮೇಷ್ಟ್ರು:
ನಮ್ಮ ಹೈಸ್ಕೂಲಿನ ಗೋಡೆಪತ್ರಿಕೆಗೆ ಕೊರೊನಾ ಕಾಲದ ಮಾತುಗಳನ್ನ ಸೇರಿಸ್ತಿದೀವಿ. 'ಒಗ್ಗಟ್ಟಿನಲ್ಲಿ ಬಲವಿದೆ' ಅಂತ ಹುಡುಗರು ಪ್ರತಿ ವರ್ಷ ಬರೀತಾರೆ, ನೋಡಿ ನೋಡಿ ಸಾಕಾಗಿದೆ. 2020ರ ಜನವರಿ 23ಕ್ಕೆ ವುಹಾನ್ ಬಂದ್ ಆಯ್ತಲ್ಲ, ಅಲ್ಲಿನವರು ಏನು ಹೇಳ್ಕೊಂಡು ಧೈರ್ಯ ತಗೊಂಡ್ರು?

ನರಸಾಪುರ ನೈಟ್ ಶಿಫ್ಟ್:
ಮೇಷ್ಟ್ರೇ, ಹೆಚ್ಚು ಕೇಳಿದ್ದು 'ಝೋಂಗ್ ಝಿ ಚೆಂಗ್ ಚೆಂಗ್'. ಹಲವರ ಮನಸ್ಸು ಸೇರಿದ್ರೆ ಅದೇ ಕೋಟೆ ಅಂತ. ಬ್ಯಾನರ್‌ಗೆ ಸರಿ. ನಂಗಿಷ್ಟ 'ತೋಂಗ್ ಝೌ ಗೋಂಗ್ ಜಿ', ಒಂದೇ ದೋಣೀಲಿ ಕೂಡಿ ಹೊಳೆ ದಾಟೋದು ಅಂತ. ಇದರ ಬೇರು ಹಳೇ ಕಾಲದ ಚೀನೀ ಸೇನಾನಿ ಸುನ್ ತ್ಸುವಿನ 'ಯುದ್ಧನೀತಿ' ಪುಸ್ತಕದಲ್ಲಿದೆ. ಆಗಿನ ಚೀನಾದ ವೂ, ಯುಎ ರಾಜ್ಯದವರಿಗೆ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗಲ್ಲ. ಒಂದೇ ದೋಣೀಲಿ ಬಿರುಗಾಳಿಗೆ ಸಿಕ್ಕಿದ್ರೆ ಮಾತ್ರ ಎಡಗೈ ಬಲಗೈ ಥರ ನೆರವಾಗ್ತಾರಂತೆ. ಪ್ರೀತಿ ಇಲ್ದಿದ್ರೂ ಕೂಡಿ ಬಾಳ್ಬಹುದು, ನಮ್ಮ ವಠಾರದ ಲಾಕ್‌ಡೌನೂ ಹಂಗೇ ಇತ್ತು!

ಚಿಂತಾಮಣಿ ಅಕ್ಕ:
ಜಪಾನಿಂದ ವುಹಾನ್ ಇರೋ ಹುಬೇ ಪ್ರಾಂತ್ಯಕ್ಕೆ ಹೋದ ನೆರವಿನ ಪೆಟ್ಟಿಗೆ ಮೇಲೆ 'ಬೆಟ್ಟ ಹೊಳೆ ಬೇರೆ, ಗಾಳಿ ಚಂದ್ರಂಗೆ ಆಕಾಶ ಒಂದೇ' ಅಂತಿತ್ತು. ಗಾದೆ ಅಲ್ಲ, ಜಪಾನಿನ ರಾಜಕುಮಾರ ನಾಗಾಯನ ಹಳೇ ಪದ್ಯ.

ಮಾಲೂರಿನ ಮೇಷ್ಟ್ರು:
ದೋಣಿ ಕಥೆ ತಗೋತೀನಿ ಕಣಪ್ಪ. ನಮ್ಮ ಮಕ್ಕಳು ತುಂಬಿದ ಹೊಳೆ ನೋಡಿಲ್ಲ, ಕೆರೇಲಿ ತೆಪ್ಪ ಬಿಡಿಸ್ತಾರೆ ಬಿಡಿ.