ಎಕ್ಸ್‌ಡಿಪಿಯಿಂದ ಕಾನ್‌ಟ್ರ್ಯಾಕ್ ಹುಡುಕಿದರೆ ಪ್ರತಿ ಸಲವೂ ನಲ್ (ಪರಿಹಾರವಾಗಿದೆ)

ಸಪ್ತಾಪುರ_ಗೇಟ್‌ವೇ:
ಧಾರವಾಡದ ಸಪ್ತಾಪುರದಲ್ಲಿ ನಾನೊಂದು ವಿದ್ಯಾರ್ಥಿ ವಸತಿ ನಡೆಸುತ್ತೇನೆ. ಗೇಟ್‌ವೇ ಒಂದು ಹಳೆಯ ಡೆಸ್ಕ್‌ಟಾಪ್: ಡೆಬಿಯನ್ 12, ಕರ್ನಲ್ 6.1. ನ್ಯಾಟ್ (ಒಳಗಿನ ಎಲ್ಲ ಯಂತ್ರಗಳೂ ಹೊರಗೆ ಒಂದೇ ವಿಳಾಸ ಬಳಸುವಂತೆ ಮಾಡುವ ಕೆಲಸ) ಕೂಡ ಅದರಲ್ಲೇ. ಕೇಳದೆ ಬರುವ ಪ್ಯಾಕೆಟ್‌ಗಳನ್ನು ಹೊರಗಿನ ಪೋರ್ಟಿನಲ್ಲೇ ಬೀಳಿಸಲು ಎಕ್ಸ್‌ಡಿಪಿ (ಪ್ಯಾಕೆಟ್ ಬಂದ ಕೂಡಲೇ, ಕರ್ನಲ್‌ನ ಉಳಿದ ಜಾಲ ಭಾಗಕ್ಕಿಂತ ಮೊದಲೇ ಓಡುವ) ಪ್ರೋಗ್ರಾಂ ಬರೆದೆ. ಕಾನ್‌ಟ್ರ್ಯಾಕ್‌ನಲ್ಲಿ (ಕರ್ನಲ್ ಇಡುವ ಸಂಪರ್ಕಗಳ ಪಟ್ಟಿ) ಹುಡುಕುವ ಫಂಕ್ಷನ್ ಬಿಪಿಎಫ್_ಎಕ್ಸ್‌ಡಿಪಿ_ಸಿಟಿ_ಲುಕಪ್ ಯಾವಾಗಲೂ ನಲ್ (ಖಾಲಿ ಉತ್ತರ) ಕೊಡುತ್ತದೆ. ಕಾನ್‌ಟ್ರ್ಯಾಕ್ ಪಟ್ಟಿ ತೆಗೆದರೆ ಅದೇ ಸಂಪರ್ಕ ಕಣ್ಣೆದುರಿಗೇ ಇದೆ! ಪೋರ್ಟ್ ಸಂಖ್ಯೆಗಳ ಬೈಟ್ ಕ್ರಮವನ್ನು ಮೂರು ಬಾರಿ ನೋಡಿದೆ, ಸರಿಯಿದೆ. ನಿನ್ನೆ ಸಂಜೆ ಇದರಿಂದ ಇಡೀ ವಸತಿಗೆ ಇಂಟರ್‌ನೆಟ್ ನಿಂತು ಹುಡುಗರ ಆನ್‌ಲೈನ್ ತರಗತಿ ತಪ್ಪಿತು. ತುಂಬಾ ಬೇಸರವಾಗಿದೆ.

ಬೆಟಗೇರಿ_ಮಗ್ಗ:
ಸರ್, ನಲ್ ಬಂದ ಮಾತ್ರಕ್ಕೆ ಸಂಪರ್ಕ ಇಲ್ಲವೆಂದು ತಿಳಿಯಬೇಡಿ. ಈ ಫಂಕ್ಷನ್ 5.18ರಿಂದಲೇ ಇದೆ, ನಿಮ್ಮ ಕರ್ನಲ್‌ನಲ್ಲಿ ಕೊರತೆಯಿಲ್ಲ. ನೀವು ಕಳಿಸುವ ಆಪ್ಟ್ಸ್ ಸ್ಟ್ರಕ್ಟ್‌ನಲ್ಲಿ (ಹುಡುಕಾಟದ ಆಯ್ಕೆಗಳ ಕಟ್ಟು) ಎರರ್ ಎಂಬ ಫೀಲ್ಡ್ ಇದೆ, ಅದನ್ನು ಓದಿ. ಅಲ್ಲಿ -2 ಇದ್ದರೆ ಮಾತ್ರ ಪಟ್ಟಿಯಲ್ಲಿ ಸಿಗಲಿಲ್ಲ ಎಂದರ್ಥ. ಎಷ್ಟು ಬರುತ್ತದೆ?

ಸಪ್ತಾಪುರ_ಗೇಟ್‌ವೇ:
ನಿನ್ನೆ ರಾತ್ರಿ -64 ಬರುತ್ತಿತ್ತು. ಬೆಳಿಗ್ಗೆ ಹಾಜರಾತಿಯ ಕಂಟೇನರ್ (ಅದೇ ಯಂತ್ರದಲ್ಲಿ ಪ್ರತ್ಯೇಕವಾಗಿ ಓಡುವ ತಂತ್ರಾಂಶದ ಪೊಟ್ಟಣ) ಚಾಲೂ ಮಾಡಿದ ಮೇಲೆ -2 ಬರುತ್ತಿದೆ. ಕೋಡ್ ಮುಟ್ಟಿಲ್ಲ.

ಬೆಟಗೇರಿ_ಮಗ್ಗ:
ಕಂಟೇನರ್ ವಿಷಯ ಹೇಳಿ ಒಳ್ಳೆಯದು ಮಾಡಿದಿರಿ, ತಪ್ಪು ಅಲ್ಲೇ ಇದೆ. ಆಪ್ಟ್ಸ್ ಅನ್ನು ಸೊನ್ನೆಗಳಿಂದ ತುಂಬಿ ನೆಟ್‌ಎನ್‌ಎಸ್_ಐಡಿ ಫೀಲ್ಡ್ ಅನ್ನು ಹಾಗೆಯೇ ಬಿಟ್ಟಿದ್ದೀರಿ. ಇಲ್ಲಿ 0 ಎಂದರೆ "ಈ ಯಂತ್ರ" ಎಂದಲ್ಲ, 0 ಸಂಖ್ಯೆಯ ನೇಮ್‌ಸ್ಪೇಸ್, ಅಂದರೆ ತನ್ನದೇ ಸಂಪರ್ಕ ಪಟ್ಟಿಯಿರುವ ಪ್ರತ್ಯೇಕ ಜಾಲದ ಕೋಣೆ. ನಿನ್ನೆ ಆ ಸಂಖ್ಯೆಯ ಕೋಣೆಯೇ ಇರಲಿಲ್ಲ, ಅದಕ್ಕೆ -64. ಇಂದು ಕಂಟೇನರ್‌ಗೆ ಆ ಸಂಖ್ಯೆ ಸಿಕ್ಕಿದೆ. ಕರ್ನಲ್ ಅದರ ಪಟ್ಟಿಯಲ್ಲಿ ಹುಡುಕಿ ಬರಿಗೈಯಲ್ಲಿ ಬರುತ್ತಿದೆ. ಅಲ್ಲಿ -1 ಹಾಕಿ, ಆಗ ಈ ಯಂತ್ರದ ಸ್ವಂತ ಪಟ್ಟಿಯಲ್ಲೇ ಹುಡುಕುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. -2 ಬಿಟ್ಟು ಬೇರೆ ಯಾವ ಎರರ್ ಬಂದರೂ ಪ್ಯಾಕೆಟ್ ಅನ್ನು ಒಳಗೆ ಬಿಡಿ. ಈ ಹುಡುಕಾಟಕ್ಕೆ ಗೊತ್ತಿರುವುದು ಟಿಸಿಪಿ, ಯುಡಿಪಿ ಮಾತ್ರ. ಐಸಿಎಂಪಿ (ಜಾಲದ ದೋಷ, ಸೂಚನೆಗಳನ್ನು ಒಯ್ಯುವ ಪ್ಯಾಕೆಟ್) ಕೇಳಿದರೆ -71 ಬರುತ್ತದೆ. ಅದನ್ನೂ ಬೀಳಿಸಿದರೆ "ಪ್ಯಾಕೆಟ್ ದೊಡ್ಡದಾಯಿತು" ಎಂಬ ಸೂಚನೆ ತಲುಪದೆ ಕೆಲವು ಜಾಲತಾಣಗಳು ಅರ್ಧಕ್ಕೇ ನಿಲ್ಲುತ್ತವೆ, ಕಾರಣ ಹುಡುಕಲು ವಾರ ಹೋಗುತ್ತದೆ. ಗೇಟ್‌ವೇ ವಿಳಾಸ ಡಿಎಚ್‌ಸಿಪಿಯಿಂದ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಬರುತ್ತಿದ್ದರೆ ಯುಡಿಪಿ ಪೋರ್ಟ್ 68ಕ್ಕೂ ದಾರಿ ಬಿಡಿ.

ಸಪ್ತಾಪುರ_ಗೇಟ್‌ವೇ:
-1 ಹಾಕಿದೆ. ಈಗ ವೆರಿಫೈಯರ್ (ಓಡಿಸುವ ಮೊದಲು ಕೋಡ್ ಪರೀಕ್ಷಿಸುವ ಕರ್ನಲ್‌ನ ಭಾಗ) ಪ್ರೋಗ್ರಾಂ ಅನ್ನೇ ಒಪ್ಪುತ್ತಿಲ್ಲ, ರೆಫರೆನ್ಸ್ ಬಿಟ್ಟುಕೊಟ್ಟಿಲ್ಲ ಎನ್ನುತ್ತದೆ. ಎಣಿಕೆಗಾಗಿ ನಡುವೆ ಒಂದು ರಿಟರ್ನ್ ಸೇರಿಸಿದ್ದೆ.

ಬೆಟಗೇರಿ_ಮಗ್ಗ:
ಸಿಕ್ಕ ಪ್ರತಿ ಎಂಟ್ರಿಯನ್ನೂ ಬಿಪಿಎಫ್_ಸಿಟಿ_ರಿಲೀಸ್‌ನಿಂದ ಹಿಂದಿರುಗಿಸಬೇಕು, ಹೊರಹೋಗುವ ಎಲ್ಲ ದಾರಿಗಳಲ್ಲೂ. ಆ ರಿಟರ್ನ್‌ಗೆ ಮೊದಲು ಒಂದು ಸಾಲು ಸೇರಿಸಿ. ನಂತರ ಆಪ್ಟ್ಸ್‌ನ ಡಿಐಆರ್ (ಪ್ಯಾಕೆಟ್‌ನ ದಿಕ್ಕು) ಫೀಲ್ಡ್ ನೋಡಿ. ಹುಡುಗರು ಆರಂಭಿಸಿದ ಸಂಪರ್ಕಕ್ಕೆ ಬರುವ ಉತ್ತರವಾದ್ದರಿಂದ ಅಲ್ಲಿ 1 ಇರಬೇಕು.

ಸಪ್ತಾಪುರ_ಗೇಟ್‌ವೇ:
1 ಬಂತು! ಸದ್ಯ ಏನನ್ನೂ ಬೀಳಿಸದೆ ಬರೀ ಎಣಿಸುತ್ತಿದ್ದೇನೆ. ಸಂಜೆಯ ತರಗತಿಗಳು ಮುಗಿದ ಮೇಲೆ ತಡೆ ಹಾಕುತ್ತೇನೆ. ನಿಮ್ಮ ಉಪಕಾರ ದೊಡ್ಡದು ಸರ್.